ಅಮ್ಮ ಮಣಿಸಿದ ಕಿರಣ

ಉಪನ್ಯಾಸಕರ ಗಂಟಲು ಆ ದಿನವೇ ಕೈಕೊಡಬೇಕೇ? ಎರಡನೆಯ ವರ್ಷದ ಹದಿನೆಂಟು ವಿದ್ಯಾರ್ಥಿಗಳನ್ನು ಕಣವೇಗವರ್ಧಕದ ನಿಯಂತ್ರಣ ಕೋಣೆಗೆ ಕರೆತಂದಿದ್ದರು; ಬಾಯಿ ತೆರೆದರೆ ಬರೀ ಗಾಳಿ. ಕೊನೆಗೆ ಯಂತ್ರ ನಡೆಸುವಾಕೆಯತ್ತ ಕೈಮಾಡಿದರು: ನೀವೇ ಹೇಳಿ.

ಹಿಂದಿನ ಸಾಲಿನ ಹುಡುಗಿ ತಲೆ ತಗ್ಗಿಸಿದಳು. ಆ ಆಪರೇಟರ್ ಅವಳ ಅಮ್ಮ. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ. ಮನೆಗೆ ಬಂದವಳೇ "ಇವತ್ತು ಕಿರಣ ತುಂಬಾ ಹಠ ಮಾಡ್ತು ಕಣೇ" ಎನ್ನುತ್ತಿದ್ದಳು. "ನಿಂಗೆ ನನಗಿಂತ ಅದೇ ಹೆಚ್ಚು" ಎಂದು ಮಗಳು ಛೇಡಿಸುತ್ತಿದ್ದಳು. ಆದರೆ ನಾಲ್ಕು ಜನರೆದುರು ಅಮ್ಮ ಮಾತಾಡಿದ್ದನ್ನು ಎಂದೂ ಕಂಡಿರಲಿಲ್ಲ.

"ನಂಗೆ ಲೆಕ್ಕ ಬರೆದು ತೋರಿಸೋಕೆ ಬರಲ್ಲಪ್ಪ," ಎಂದಳು ಅಮ್ಮ. "ಕಿರಣಾನೇ ತೋರಿಸ್ತೀನಿ."

ಪರದೆಯ ಮೇಲೆ ಮಸುಕು ಹಸಿರು ಮಚ್ಚೆ ಮೂಡಿತು. ದಪ್ಪ ಗೋಡೆಯಾಚೆ, ಕೊಳವೆಯ ತುದಿಯಲ್ಲಿಟ್ಟ ಫಲಕ ಪ್ರೋಟಾನುಗಳ ಕಿರಣ ಬಡಿದು ಹೊಳೆಯುವುದನ್ನು ಕ್ಯಾಮೆರಾ ತೋರಿಸುತ್ತಿತ್ತು.

"ಸೆಕೆಂಡಿಗೆ ಕೋಟಿ ಕೋಟಿ ಬರ್ತಿವೆ. ಎಲ್ಲದಕ್ಕೂ ಒಂದೇ ಚಾರ್ಜು, ಒಂದನ್ನ ಕಂಡ್ರೆ ಇನ್ನೊಂದಕ್ಕೆ ಆಗಲ್ಲ. ಬಿಟ್ರೆ ಚೆಲ್ಲಾಪಿಲ್ಲಿ. ಹಿಡಿದಿಡೋದು ಅಯಸ್ಕಾಂತ. ನಾಬ್ ಯಾರು ತಿರುಗಿಸ್ತೀರಿ?"

ಮಗಳೇ ಎದ್ದಳು. ಮೊದಲ ಅಯಸ್ಕಾಂತದ ನಾಬ್ ತಿರುಗಿಸಿದಂತೆ ಮಚ್ಚೆ ಅಡ್ಡಕ್ಕೆ ಕುಗ್ಗಿತು, ಉದ್ದಕ್ಕೆ ಎಳೆದುಕೊಂಡು ಗೆರೆಯಾಯಿತು. ಯಾರೋ ಕಿಸಕ್ಕೆಂದರು.

"ಅಯ್ಯೋ, ಕೆಡಿಸ್ಬಿಟ್ನಾ ಅಮ್ಮಾ?"

ಬಾಯಿತಪ್ಪಿ ಬಂದಿತ್ತು. ಇಡೀ ಕೋಣೆ ಇಬ್ಬರ ಮುಖವನ್ನೂ ನೋಡಿತು.

"ಇಲ್ಲ ಕಣೇ, ಅದರ ಸ್ವಭಾವಾನೇ ಹಾಗೆ. ಈ ಕಡೆ ಒತ್ತಿದ್ರೆ ಆ ಕಡೆ ಹರಡತ್ತೆ. ಎರಡನೇ ಅಯಸ್ಕಾಂತ ಇದಕ್ಕೆ ಪೂರ್ತಿ ಉಲ್ಟಾ. ಈಗ ಅದನ್ನ ತಿರುಗಿಸು, ನಿಧಾನಕ್ಕೆ."

ಗೆರೆ ಗಿಡ್ಡವಾಗುತ್ತ ಬಂತು, ಅಡ್ಡಕ್ಕೆ ತುಸು ಉಬ್ಬಿತು. ಅಮ್ಮ ಮೊದಲ ನಾಬನ್ನು ಕೂದಲೆಳೆಯಷ್ಟು ಸರಿಸಿದಳು. ಇದ್ದಕ್ಕಿದ್ದಂತೆ ಸಾಸಿವೆ ಕಾಳಿನಷ್ಟು ಚುಕ್ಕೆ, ಕಣ್ಣು ಕೋರೈಸುವಂತೆ!

ವಿದ್ಯಾರ್ಥಿಗಳೆಲ್ಲ ಪರದೆಯತ್ತ ಸರಿದರು. ಎಷ್ಟೋ ವರ್ಷಗಳಿಂದ ಇದನ್ನು ನೋಡುತ್ತ ಬಂದಿದ್ದ ಉಪನ್ಯಾಸಕರೂ ಮುಂದಕ್ಕೆ ಬಾಗಿದ್ದರು.

"ಎರಡೂ ಒಂದು ಕಡೆ ಹರಡಿಸೋವೇ ಅಲ್ವಾ, ಸೇರಿದ್ರೆ ಹೇಗೆ ಒಟ್ಟುಗೂಡಿಸ್ತವೆ?" ಒಬ್ಬ ಪಿಸುಗುಟ್ಟಿದ.

"ಎರಡರ ಮಧ್ಯೆ ದೂರ ಇದೆಯಲ್ಲ. ಮೊದಲನೇದು ಹರಡಿದ್ದು ಎರಡನೇದರ ಅಂಚಿಗೆ ಹೋಗಿರತ್ತೆ. ಅಂಚಲ್ಲೇ ಅಯಸ್ಕಾಂತದ ಹಿಡಿತ ಜೋರು, ಒಳಕ್ಕೆ ಎಳ್ಕೊಳತ್ತೆ. ಮೊದಲನೇದು ಒತ್ತಿದ್ದು ನಡುವೇನೇ ಇರತ್ತೆ, ಅಲ್ಲಿ ಹರಡೋದು ಕಮ್ಮಿ."

ಕಿರಣ ನಿಲ್ಲಿಸಿ, ಮೀಟರಿನಲ್ಲಿ ವಿಕಿರಣ ಅಳೆದು ನೋಡಿದ ಮೇಲೆ ಅಮ್ಮ ಎಲ್ಲರನ್ನೂ ಗೋಡೆಯಾಚೆಗೆ ಕರೆದೊಯ್ದಳು. ಲಾರಿಯಷ್ಟು ದೊಡ್ಡ ಯಂತ್ರಗಳ ನಡುವೆ ಮಣಿಕಟ್ಟಿನಷ್ಟು ದಪ್ಪದ ಉಕ್ಕಿನ ಕೊಳವೆ.

"ಕಿರಣ ಹರಿದಿದ್ದು ಇದರೊಳಗೇನಾ?" ಮಗಳು ಕೇಳಿದಳು.

"ಇದರೊಳಗೇ."

ಮಗಳು ಕೊಳವೆಯ ಮೇಲೆ ಅಂಗೈಯಿಟ್ಟಳು. ತಣ್ಣಗಿತ್ತು. ಸಹಪಾಠಿಗಳು ಮುಂದೆ ಹೋದರೂ ಅವಳಿಗೆ ಕೈ ತೆಗೆಯಲು ಮನಸ್ಸಾಗಲಿಲ್ಲ.