ಜೇನುಬಣ್ಣಕ್ಕೆ ಕಾಯದೆ

ಬೆಳಗಿನ ಕಾಫಿಗೂ ಮೊದಲೇ ಬೌಕ್ಯೆ ಭೂತಗನ್ನಡಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಬೇಲಿಯಾಚೆ ಕಾಲುವೆ, ಈಚೆ ಐದು ಗಾಂಜಾ ಗಿಡ. ಮನೆಗೆ ಐದು ಗಿಡದವರೆಗೆ ಅಲ್ಲಿ ಪೊಲೀಸರು ಕೇಳುವುದಿಲ್ಲ, ಆರನೆಯದು ಎದ್ದರೆ ಬರುತ್ತಾರೆ. ಐದೇ ಇದ್ದರೆ ಪಕ್ಕದ ಮನೆಯ ಸೀತ್ಸ್ಕೆ ಮಾತ್ರ ಮೂಗು ಮುಚ್ಚಿಕೊಂಡು ಬರುತ್ತಾಳೆ.

ಹೂವಿನ ಮೇಲೆ ಸಾಸಿವೆಗಿಂತ ಎಷ್ಟೋ ಸಣ್ಣ ಅಂಟುಹನಿಗಳಿರುತ್ತವೆ. ಎಳೆಯ ಗಿಡದಲ್ಲಿ ಅವು ತಿಳಿನೀರಿನ ಹಾಗೆ, ಬಲಿತಾಗ ಹಾಲಿನ ಬಣ್ಣ, ಇನ್ನೂ ಬಿಟ್ಟರೆ ಜೇನಿನ ಬಣ್ಣ. ತಿಳಿಯಿದ್ದಾಗ ಕೊಯ್ದರೆ ಸೇದಿದವನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಹಾಲುಬಣ್ಣದ್ದು ನೋವನ್ನು ತುಸು ದೂರ ಸರಿಸಿ ತಲೆಯನ್ನು ಎಚ್ಚರವಾಗಿಡುತ್ತದೆ. ಜೇನುಬಣ್ಣದ್ದು ಮನುಷ್ಯನನ್ನು ಹಾಸಿಗೆಗೆ ಒತ್ತಿ ಮಲಗಿಸಿಬಿಡುತ್ತದೆ. ಬೌಕ್ಯೆ ಪ್ರತಿ ವರ್ಷ ಕಾಯುತ್ತಿದ್ದದ್ದು ಜೇನುಬಣ್ಣಕ್ಕೆ, ಅಣ್ಣ ಮೆನ್ನೊನಿಗಾಗಿ.

ಮೆನ್ನೊ ಸರಕು ದೋಣಿ ನಡೆಸಿದವನು, ಬಾಯಿಬಡುಕ. ಮೂಳೆಗೆ ಕ್ಯಾನ್ಸರ್ ಹತ್ತಿದ ಮೇಲೆ ತಂಗಿಯ ಮನೆಯ ಮುಂದಿನ ಕೋಣೆಗೆ ಬಂದಿದ್ದ. ಸಂಜೆ ಸೂಪು ಕುಡಿದು ಎರಡು ದಮ್ಮು ಎಳೆದರೆ ಅವನಿಗೆ ಬೆಳಗಿನವರೆಗೆ ನಿದ್ದೆ. ಹೋದ ವರ್ಷ ಬಿರುಗಾಳಿ ಬರುತ್ತದೆಂದು ಬೌಕ್ಯೆ ಅವಸರಪಟ್ಟು ಒಂದು ಗಿಡವನ್ನು ಎಳೆಯದರಲ್ಲೇ ಕೊಯ್ದಿದ್ದಳು. ಅದನ್ನು ಸೇದಿ ಮೆನ್ನೊ ಎದೆ ಹಿಡಿದುಕೊಂಡು ಕೂತದ್ದನ್ನು ನೋಡಿದ ಮೇಲೆ, ಇನ್ನು ಆಕಾಶವೇ ಕಳಚಿ ಬಿದ್ದರೂ ಹೊತ್ತಿಗೆ ಮುಂಚೆ ಕತ್ತರಿ ಮುಟ್ಟುವುದಿಲ್ಲ ಎಂದುಕೊಂಡಿದ್ದಳು.

ಹಳೆಯ ದಾಸ್ತಾನು ಈ ಬೇಸಿಗೆಯಲ್ಲೇ ಮುಗಿದಿತ್ತು. ಸೆಪ್ಟೆಂಬರ್ ನಡುವಿನಲ್ಲಿ ಒಂದು ದಿನ ಮೆನ್ನೊನನ್ನು ನೋಡಿಕೊಳ್ಳುವ ನರ್ಸ್ ಲೀಸ್ಬೆತ್, ಸೈಕಲ್ಲು ಹಿಡಿದು ಹೊರಡುವಾಗ ಗಿಡಗಳ ಕಡೆ ನೋಡಿದಳು.

"ಯಾವಾಗ ಕೊಯ್ತೀರಾ?"

"ಅಕ್ಟೋಬರ್‌ನಲ್ಲಿ. ಈಗಿನ್ನೂ ಹಾಲುಬಣ್ಣ."

"ಅಕ್ಟೋಬರ್‌ವರೆಗೆ ಕಾಯ್ಬೇಡಿ, ಬೌಕ್ಯೆ."

ಲೀಸ್ಬೆತ್ ಹೇಳಿದ್ದು ಗಿಡದ ಮಾತಲ್ಲ ಎಂದು ಬೌಕ್ಯೆಗೆ ತಿಳಿಯಿತು. ತಿಳಿದದ್ದಕ್ಕೇ ಸಿಟ್ಟು ಬಂತು. ಇವಳು ಗಿಡ ಬೆಳೆಸಿದವಳೇ? ತಾಳಿದವನು ಬಾಳಿಯಾನು ಎಂಬುದು ತೋಟದವರ ಮಟ್ಟಿಗೆ ಸುಳ್ಳಲ್ಲ. ಆದರೆ ಈ ಮನೆಯಲ್ಲಿ ತಾಳುತ್ತಿದ್ದವಳು ತಂಗಿ, ಬಾಳಬೇಕಾದವನು ಅಣ್ಣ. ಈಗ ಕೊಯ್ದರೆ ಅಣ್ಣನಿಗೆ ಅಕ್ಟೋಬರ್ ಇಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ.

ಒಳಗೆ ಬಂದಾಗ ಮೆನ್ನೊ ದಿಂಬಿಗೆ ಒರಗಿ ಕಾಯುತ್ತಿದ್ದ. ಕಿಟಕಿ ತೆರೆದೇ ಇತ್ತು.

"ಕೇಳಿಸ್ತು," ಅಂದ. "ಕೊಯ್ದುಬಿಡೇ."

"ಎಳೇದನ್ನ ನಾನು ಕೊಯ್ಯಲ್ಲ. ಹೋದ ವರ್ಷ ಆಗಿದ್ದು ಸಾಲ್ದಾ?"

"ಅದು ಎಳೇದು. ಇದಲ್ಲ. ನಿಂಗೆ ಬೇಕಾದಷ್ಟು ಬಲಿತಿಲ್ಲ, ಅಷ್ಟೇ. ನಂಗೆ ಬೇಕಾದಷ್ಟು ಬಲಿತಿದೆ."

"ನಿದ್ದೆ ಬರಲ್ಲ ನಿಂಗೆ ಅದ್ರಲ್ಲಿ."

"ನಿದ್ದೆ ಯಾರಿಗ್ ಬೇಕು ಮಾರಾಯ್ತಿ? ಮಲಗೋದಕ್ಕೆ ಮುಂದೆ ಬೇಕಾದಷ್ಟು ಹೊತ್ತಿದೆ. ಎರಡು ವರ್ಷದಿಂದ ನನ್ನ ಸಂಜೆಗಳನ್ನೆಲ್ಲಾ ಜೋಗುಳ ಹಾಡಿ ಮಲಗಿಸಿದ್ದೀಯ. ನಂಗೆ ಒಂದೆರಡು ಸಂಜೆ ಎದ್ದಿರಬೇಕು."

ಬೌಕ್ಯೆ ಅಡಿಗೆಮನೆಗೆ ಹೋದಳು. ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಳು, ಚೀಸ್ ಕೊಯ್ದಳು, ಅದನ್ನು ಅಲ್ಲೇ ಬಿಟ್ಟು ಕತ್ತರಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ಐದನ್ನೂ ಕೊಯ್ದಳು. ಒಂದನ್ನು ಉಳಿಸಿಕೊಂಡಿದ್ದರೆ ಮತ್ತೆ ದಿನವೂ ಭೂತಗನ್ನಡಿ ಹಿಡಿದು ನಿಲ್ಲುತ್ತಿದ್ದಳು, ಅದು ಅವಳಿಗೆ ಗೊತ್ತಿತ್ತು. ಬೇಲಿಯಾಚೆಯಿಂದ ಸೀತ್ಸ್ಕೆ, "ಅಂತೂ ಈ ನಾತ ಮುಗೀತಾ?" ಎಂದು ಕೇಳಿದವಳು ಇವಳ ಮುಖ ನೋಡಿ ಒಳಗೆ ಹೋದಳು.

ಅಟ್ಟದ ಕತ್ತಲಲ್ಲಿ ಹೂಗಳು ತಮ್ಮ ಪಾಡಿಗೆ ಒಣಗಿದವು. ಒಲೆಯ ಬಿಸಿಗೆ ಹಿಡಿದು ಒಣಗಿಸಿದರೆ ಬರೀ ಹುಲ್ಲು, ಆದ್ದರಿಂದ ಅವಳು ಅವಸರ ಮಾಡಲಿಲ್ಲ. ಅಷ್ಟು ದಿನ ಮೆನ್ನೊ ಲೀಸ್ಬೆತ್ ಕೊಟ್ಟ ಮಾತ್ರೆಗಳ ಮಂಪರಿನಲ್ಲಿ ಕಾಲ ತಳ್ಳಿದ. ಅವನು ಇರುತ್ತಾನೋ ಇಲ್ಲವೋ ಎಂದು ಬೌಕ್ಯೆಯ ಜೀವ ಅಂಗೈಯಲ್ಲಿತ್ತು.

ಹೂ ಒಣಗಿ ಸಿದ್ಧವಾದ ಸಂಜೆ ಅವನು ಇದ್ದ. ಸೂಪಿನ ಬಟ್ಟಲು ಬದಿಗಿಟ್ಟು ಎರಡು ದಮ್ಮು ಎಳೆದ. ಎದೆ ಹೊಡೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನ ಹುಬ್ಬಿನ ಗಂಟು ಸಡಿಲವಾಯಿತು. ಕಣ್ಣು ಮಾತ್ರ ಮುಚ್ಚಲಿಲ್ಲ. ಅಣ್ಣನ ಕಣ್ಣನ್ನು ಸಂಜೆಯ ಬೆಳಕಿನಲ್ಲಿ ನೋಡಿ ಎಷ್ಟು ಕಾಲವಾಯಿತೆಂದು ಬೌಕ್ಯೆಗೆ ನಾಚಿಕೆಯಾಯಿತು. ಅವಳು ಬಟ್ಟಲು ಎತ್ತಿಕೊಂಡು ಏಳಹೊರಟಳು.

"ಕೂತ್ಕೋ. ಬಟ್ಟಲು ಎಲ್ಲೂ ಓಡಿಹೋಗಲ್ಲ." ಮೆನ್ನೊ ಅವಳ ಮುಂಗೈ ಹಿಡಿದ. "ಈ ಎರಡು ವರ್ಷದಲ್ಲಿ ನೋವು ಇದೆಯಾ ಅಂತ ದಿನಾ ಕೇಳಿದ್ದೀಯ. ಭಯ ಆಗುತ್ತಾ ಅಂತ ಒಂದ್ಸಲಾನೂ ಕೇಳ್ಲಿಲ್ಲ."

ಅವಳು ಬಟ್ಟಲು ಕೆಳಗಿಟ್ಟು ಕೂತಳು. ಅವನು ಮಲಗಿದ ಮೇಲೆ ತಾನು ನಿರಾಳವಾಗಿ ಉಸಿರು ಬಿಡುತ್ತಿದ್ದ ಅಷ್ಟೂ ಸಂಜೆಗಳು ನೆನಪಾದವು. ಆ ನಿದ್ದೆ ಅವನಿಗಿಂತ ತನಗೇ ಹೆಚ್ಚು ಬೇಕಾಗಿತ್ತು.

"ಆಗುತ್ತಾ?" ಎಂದು ಕೇಳಿದಳು.

"ಆಗುತ್ತೆ ಕಣೇ. ತುಂಬಾ."

ಬೌಕ್ಯೆ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. "ಹೇಳು," ಅಂದಳು. ಮೆನ್ನೊ ಹೇಳತೊಡಗಿದ.