ಬರೆಯದ ವೃತ್ತ

“ಮಕ್ಕಳಿಲ್ರಿ” ಎಂದುಬಿಟ್ಟ ಶಾಂತಕುಮಾರ.

ಅವನ ಕಾಲೇಜಿಗೆ ಉಪನ್ಯಾಸಕನಾಗಿ ಹೊಸದಾಗಿ ಸೇರಿದ ಸಲಾವುದ್ದೀನ ಬೆಳಿಗ್ಗೆ ಮನೆಗೆ ಬಂದವನು ಮಾತಿಗೆ ಮಾತೆಂದು ಮಕ್ಕಳೆಷ್ಟು ಎಂದು ಕೇಳಿದ್ದ. ಉತ್ತರ ಸಲೀಸಾಗಿ ಬಂತು. ಚಹಾ ತಂದ ಹೆಂಡತಿ ಅನುರಾಧಾ ಬಾಗಿಲಲ್ಲೇ ನಿಂತಳು. ಚಹಾ ತುಳುಕಲಿಲ್ಲ. ಅದೇ ಅವನನ್ನು ಹೆದರಿಸಿತು.

ಅತಿಥಿ ಹೋದ ಮೇಲೆ ಅಂದಳು: “ಇವತ್ತ ಭುವಿ ಹೋದ ದಿನ. ಮಧ್ಯಾಹ್ನದ ಬಸ್ಸಿಗೆ ಅಂದೋಲಾಕ್ಕ ಹೊಂಟೇನಿ. ಬರ್ತೀರೇನು?”

“ಕ್ಲಾಸ್ ಅದ.”

“ಹೋದ ವರ್ಷನೂ ಇತ್ತು.”

“ಸಿಲೆಬಸ್ ಮುಗಿದಿಲ್ಲ.”

“ಈ ಸಲ ಬರಲಿಲ್ಲಂದ್ರ ನಾ ತವರಮನ್ಯಾಗ ಉಳೀತೇನಿ.”

ಅಂದೋಲಾದಲ್ಲಿ, ಮಾವನ ಹೊಲದ ಬದುವಿನಲ್ಲಿ ಮಗಳನ್ನು ಮಣ್ಣು ಮಾಡಿದ್ದರು. ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದ ಮಗು, ಜ್ವರದಲ್ಲಿ ಹೋಯಿತು. ಅಂದಿನಿಂದ ಅವನು ಆ ಕಡೆ ತಲೆ ಹಾಕಿರಲಿಲ್ಲ. ಭುವಿ ಎಂಬ ಹೆಸರನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ಅಳು ಬರುತ್ತದೆ, ಬಂದರೆ ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಜೇವರ್ಗಿಯ ಕಾಲೇಜಿನ ಬೋರ್ಡಿನ ಮೇಲೆ ವೃತ್ತಗಳನ್ನು ಬರೆದು ಬಾಣಗಳಿಂದ ಜೋಡಿಸಿದ. ಫೈನೈಟ್ ಆಟೊಮ್ಯಾಟನ್. ಬರೀ ಕಲ್ಪನೆಯ ಯಂತ್ರ. ಒಂದೊಂದೇ ಅಕ್ಷರ ಓದುತ್ತ ವೃತ್ತದಿಂದ ವೃತ್ತಕ್ಕೆ ಸರಿಯುತ್ತದೆ. ಈಗ ಎಲ್ಲಿದ್ದೇನೆ ಎಂಬುದಷ್ಟೇ ಅದಕ್ಕೆ ಗೊತ್ತು. ಹೇಗೆ ಬಂದೆ ಎಂಬುದು ನೆನಪಿಲ್ಲ. ಪುಣ್ಯ ಮಾಡಿದ ಯಂತ್ರ ಎಂದುಕೊಂಡ.

“ಸರ, ಬಾಣ ಇಲ್ಲದ ಅಕ್ಷರ ಬಂದ್ರ ಎಲ್ಲಿಗೆ ಹೋಗ್ತದ್ರಿ?” ಮುಂದಿನ ಬೆಂಚಿನ ಮಸರತ ಕೇಳಿದಳು.

“ಡೆಡ್ ಸ್ಟೇಟಿಗೆ, ಅಂದ್ರ ಸತ್ತ ವೃತ್ತಕ್ಕ. ಅಲ್ಲಿಂದ ಹೊಂಟ ಬಾಣ ತಿರುಗಿ ಅಲ್ಲಿಗೇ ಬರ್ತದ. ಮುಂದ ಏನು ಓದಿದ್ರೂ ಹೊರಗ ಬರಂಗಿಲ್ಲ.”

“ಬೋರ್ಡಿನ ಮ್ಯಾಲ ಇಲ್ಲಲ್ರಿ?”

“ಬರಿಯಂಗಿಲ್ಲ. ಚಿತ್ರ ಗಿಜಿಗಿಜಿ ಆಗ್ತದಂತ ಬಿಡ್ತೇವಿ.”

“ಬರೀಲಿಲ್ಲಂದ್ರೂ ಇರ್ತದಲ್ರಿ?”

“ಇರ್ತದ.”

ಚಾಕ್‌ಪೀಸ್ ಮೇಜಿನ ಮೇಲಿಟ್ಟು ಹೊರಗೆ ನಡೆದ. ಗೇಟು ದಾಟಿದ ಮೇಲೆ ಓಡಿದ.

ನಿಲ್ದಾಣದಲ್ಲಿ ಅಂದೋಲಾದ ಬಸ್ಸು ಗುರುಗುಡುತ್ತಿತ್ತು. ಧೂಳು ಮೆತ್ತಿದ ಗಾಜಿನ ಹಿಂದೆ ಅನುರಾಧಾ, ಮಡಿಲಲ್ಲಿ ಹೂವಿನ ಪೊಟ್ಟಣ. ಬರುವುದಿಲ್ಲವೆಂದು ತಿಳಿದೂ ಪಕ್ಕದ ಸೀಟಿನ ಮೇಲೆ ಅವನ ಟವೆಲು ಹಾಕಿ ಜಾಗ ಹಿಡಿದಿದ್ದಳು. ಅವನು ಆ ಕಿಟಕಿಯ ಹತ್ತಿರ ಹೋಗಿ ನಿಂತ.

“ಏರ್ರಿ ಸರ, ಹೊತ್ತಾತು” ಎಂದ ಕಂಡಕ್ಟರ.

ಮಗಳನ್ನ ನೋಡಾಕ ಹೊಂಟೇನಿ ಎನ್ನಬೇಕಿತ್ತು. ಬಾಯಿ ತೆರೆದ. ಬಂದದ್ದು ಬೇರೆ ಮಾತು.

“ಇಲ್ರಿ. ಪೇಪರ್ ತಿದ್ದೋದದ.”

ಅವಳಿಗೆ ಕೇಳಿಸಿತೋ ಏನೋ. ಟವೆಲನ್ನು ಎತ್ತಿ ಮಡಚಿದಳು. ಆ ಜಾಗದಲ್ಲಿ ಯಾವುದೋ ಮುದುಕಿ ಬುಟ್ಟಿ ಇಟ್ಟುಕೊಂಡು ಕೂತಳು.

ಅವನ ಬೆರಳು ಗಾಜಿನ ಧೂಳಿನಲ್ಲಿ ತಾನಾಗಿ ಒಂದು ವೃತ್ತ ಬರೆಯಿತು. ಅದರ ನಡುವೆ, ಮಸುಕಾಗಿ, ಅವಳ ಮುಖ. ಬಾಣ ಬರೆಯುವಷ್ಟರಲ್ಲಿ ಬಸ್ಸು ಹೊರಟಿತು. ಬೆರಳು ಖಾಲಿ ಗಾಳಿಯಲ್ಲೇ ಮುಂದೆ ಸರಿದು, ಬಾಗಿ, ಹೊರಟಲ್ಲಿಗೇ ತಿರುಗಿ ಬಂತು.