ಅತ್ತೆ ಮತ್ತು ಬಿಳಿ ಗ್ಲೌಸು

"ನಾವು ಯಾವತ್ತೂ ಶಾರ್ಕಿಗೆ ಒಂದು ಚೂರು ಮೀನೂ ಹಾಕಿಲ್ಲ ಸಾರ್" ಎಂದು ನಮ್ಮ ಅಣ್ಣ ಬಂದರಿನ ಅಧಿಕಾರಿಗೆ ಹೇಳುತ್ತಿದ್ದಾಗ ನಾನು ಅಂಗಡಿಯ ಹಿಂದಿನ ತೊಟ್ಟಿಯಲ್ಲಿ ಗಿರಾಕಿಗಳ ರಬ್ಬರ್ ಉಡುಪುಗಳನ್ನು ಸಿಹಿನೀರಿಗೆ ಅದ್ದಿ ತೆಗೆಯುತ್ತಿದ್ದೆ. ಮೈಯೆಲ್ಲಾ ಉರಿದುಹೋಯಿತು. ಮೀನಿನ ತಲೆಗಳನ್ನು ತುಂಬುವ ಬಕೆಟ್ಟು ಅದೇ ತೊಟ್ಟಿಯ ಪಕ್ಕ ಫಳಫಳ ಹೊಳೆಯುತ್ತಾ ಕೂತಿತ್ತು. ಬೆಳಿಗ್ಗೆ ಎದ್ದವನೇ ಅಣ್ಣ ಅದನ್ನು ಸೋಪು ಹಾಕಿ ಉಜ್ಜಿದ್ದ. ಮನೆಯಲ್ಲಿ ತಾನು ಉಂಡ ತಟ್ಟೆಯನ್ನು ಎತ್ತಿಡದ ಮಹಾನುಭಾವ ಅವನು.

ನಮ್ಮದು ಗಿರಾಕಿಗಳನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಸಮುದ್ರದೊಳಗೆ ಇಳಿಸಿ ಶಾರ್ಕ್ ತೋರಿಸುವ ಕೆಲಸ. ಅಪ್ಪ ಶುರು ಮಾಡಿದ್ದು. ಅಪ್ಪನ ಕಾಲದಲ್ಲಿ ಶಾರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ನಾವು ಅವುಗಳ ಮನೆಗೆ ಬಂದವರು. ಯಜಮಾನರು ಮನೇಲಿಲ್ಲ ಅಂದ್ರೆ ಬಾಗಿಲು ಒಡೀತೀವಾ?" ಎನ್ನುತ್ತಿದ್ದರು ಅಪ್ಪ, ಗೊಣಗುವ ಗಿರಾಕಿಗಳಿಗೆ.

ಬಂದೇ ಬರುವವಳು ಒಬ್ಬಳಿದ್ದಳು. ಬೆನ್ನಿನ ರೆಕ್ಕೆಯ ತುದಿ ಹರಿದುಹೋದ, ನಮ್ಮ ದೋಣಿಯ ಅರ್ಧದಷ್ಟು ಉದ್ದದ ಹೆಣ್ಣು ಶಾರ್ಕು. ಅಪ್ಪ ಅವಳಿಗೆ ಅತ್ತೆ ಎಂದು ಹೆಸರಿಟ್ಟಿದ್ದರು. ಬರುತ್ತಾಳೆ, ಒಂದು ಸುತ್ತು ಹಾಕುತ್ತಾಳೆ, ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ, ಯಾವುದೂ ಸರಿಯಿಲ್ಲ ಎನ್ನುವ ಮುಖ ಮಾಡಿ ಹೊರಟುಹೋಗುತ್ತಾಳೆ. ನಾನು ಮೊದಲ ಸಲ ನೀರಿಗಿಳಿದಾಗಿನಿಂದ ಅವಳನ್ನು ಕಂಡವಳು. ಅವಳೆಂದರೆ ನನಗೆ ಪ್ರಾಣ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅಪ್ಪ ಹೋದ ಮೇಲೆ ದೋಣಿ ಅಮ್ಮನ ಹೆಸರಿಗೆ ಬಂತು, ಯಜಮಾನಿಕೆ ಅಣ್ಣನ ತಲೆಗೇರಿತು. ಗಿರಾಕಿಗಳಿಗೆ ಖಂಡಿತವಾಗಿ ಶಾರ್ಕ್ ಬೇಕು, ಹತ್ತಿರದಿಂದ ಬೇಕು, ಫೋಟೋದಲ್ಲಿ ಬೇಕು. ಅದಕ್ಕೆ ಅವನು ಉಪಾಯ ಕಂಡುಕೊಂಡ. ಎಲ್ಲರಿಗಿಂತ ಮುಂಚೆ ಒಬ್ಬನೇ ನೀರಿಗಿಳಿದು, ಸೊಂಟದ ಚೀಲದಿಂದ ಮೀನಿನ ತಲೆ ತೆಗೆದು ಒಂದೊಂದಾಗಿ ತಿನ್ನಿಸುವುದು. ನಾನು ಗಿರಾಕಿಗಳನ್ನು ಇಳಿಸುವಷ್ಟರಲ್ಲಿ ಚೀಲ ಖಾಲಿ. ಅವರ ಕಣ್ಣಿಗೆ ಬೀಳುವುದು ಇಷ್ಟೇ: ಅಣ್ಣ ಕೈ ಬೀಸುತ್ತಾನೆ, ಶಾರ್ಕುಗಳು ಸಾಕಿದ ನಾಯಿಗಳ ಹಾಗೆ ಅವನ ಸುತ್ತ ಬರುತ್ತವೆ. "ಪ್ರೀತಿ ಸಾರ್, ಬರೀ ಪ್ರೀತಿ" ಎಂದು ಮೇಲೆ ಬಂದು ಹಲ್ಲು ಕಿರಿಯುತ್ತಿದ್ದ. ನೀಲಿ ನೀರಿನಲ್ಲಿ ತನ್ನ ಕೈ ಫೋಟೋಗೆ ಚೆನ್ನಾಗಿ ಕಾಣಲಿ ಎಂದು ಬಿಳಿ ಗ್ಲೌಸು ಬೇರೆ.

"ಬಿಳಿ ಕೈ ಅಂದ್ರೆ ಊಟ ಅಂತ ಅವಕ್ಕೆ ಕಲಿಸ್ತಿದ್ದೀಯ. ಒಂದಿನ ಯಾರದೋ ಕೈ ಹೋಗುತ್ತೆ" ಎಂದು ಎಷ್ಟು ಸಲ ಜಗಳವಾಡಿದೆನೋ. "ನಿನಗೆ ಹೊಟ್ಟೆಕಿಚ್ಚು" ಎನ್ನುತ್ತಿದ್ದ. ಅಮ್ಮನ ಹತ್ತಿರ ಹೋದರೆ ಅಲ್ಲೂ ಅಷ್ಟೇ. ಹೆತ್ತವರಿಗೆ ಹೆಗ್ಗಣ ಮುದ್ದು. "ಅವನು ಹಾಕಲ್ಲ ಅಂದನಲ್ಲ, ಮುಗೀತು. ನನ್ನ ಮಗ ನನ್ನ ಹತ್ರ ಸುಳ್ಳು ಹೇಳಲ್ಲ" ಎಂದು ಅಮ್ಮ ಬೀನ್ಸ್ ಬಿಡಿಸುತ್ತಾ ಕೂತುಬಿಡುತ್ತಿದ್ದಳು.

ಆ ದಿನ ಬಂದೇ ಬಂತು. ಗಿರಾಕಿ ಹಲ್ಲಿನ ಡಾಕ್ಟರು, ಸಾಧು ಮನುಷ್ಯ. ಹೊಚ್ಚಹೊಸ ಬಿಳಿ ಗ್ಲೌಸು ತಂದಿದ್ದರು. "ಹವಳದ ಬಂಡೆ ತರಚಿದ್ರೆ ಕಷ್ಟ ಅಲ್ವಾಮ್ಮ, ಕೈಯೇ ನನ್ನ ಹೊಟ್ಟೆಪಾಡು" ಎಂದರು. ನಾನು ಬಿಚ್ಚಿಸಿದೆ. ಅಣ್ಣ ಮತ್ತೆ ಹಾಕಿಸಿದ. "ಗಿರಾಕಿ ಮುಂದೆ ನನ್ನ ಮರ್ಯಾದೆ ತೆಗೀಬೇಡ" ಎಂದು ಹಲ್ಲು ಕಚ್ಚಿ ಹೇಳಿ, ನನ್ನನ್ನು ದೋಣಿಯಲ್ಲೇ ಕೂರಿಸಿ ತಾನೇ ಅವರನ್ನು ಇಳಿಸಿದ. ಅವರು ಮೇಲೆ ಬಂದಾಗ ಬಲಗೈಯ ಗ್ಲೌಸು ಕೆಂಪಾಗಿತ್ತು. ಗಟ್ಟಿಯಾಗಿ ಟವೆಲು ಸುತ್ತಿ, ಆ ಕೈಯನ್ನು ಎತ್ತಿ ಹಿಡಿದುಕೊಂಡೇ ದಡ ಸೇರಿದೆ. ದಾರಿಯುದ್ದಕ್ಕೂ ಡಾಕ್ಟರು ನಡುಗುತ್ತಾ ಒಂದೇ ಮಾತು ಹೇಳುತ್ತಿದ್ದರು: "ಕಚ್ಚಿ ಬಿಟ್ಟುಬಿಡ್ತಮ್ಮ. ತಪ್ಪಾಯ್ತು ಅಂತ ಗೊತ್ತಾದ ಹಾಗೆ ಬಿಟ್ಟುಬಿಡ್ತು." ಕೈ ಉಳಿಯಿತು. ಆದರೆ ಎರಡು ಬೆರಳು ಇನ್ನೂ ಮಡಚುತ್ತಿಲ್ಲ. ಮಡಚದ ಬೆರಳಿನಲ್ಲಿ ಯಾರ ಹಲ್ಲು ಕೀಳುತ್ತಾರೆ ಅವರು?

ಅದಕ್ಕೇ ಈಗ ಅಧಿಕಾರಿ ಬಂದಿದ್ದು. ಅಣ್ಣನ ಕಥೆ ಸಿದ್ಧವಾಗಿತ್ತು. ಒಂದು ಶಾರ್ಕಿಗೆ ತಲೆ ಕೆಟ್ಟಿದೆ, ಬೆನ್ನಿನ ರೆಕ್ಕೆ ಹರಿದಿದೆ, ಗುರುತು ಹಿಡಿಯುವುದು ಸುಲಭ, ಕೊಂದುಬಿಟ್ಟರೆ ಎಲ್ಲರಿಗೂ ನೆಮ್ಮದಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಧಿಕಾರಿ ತಲೆಯಾಡಿಸಿ, ನಾಳೆಯೇ ಗಾಳದವರನ್ನು ಕಳಿಸುತ್ತೇನೆ ಎಂದರು.

ನಾನು ಒದ್ದೆ ಕೈಯಲ್ಲೇ ಒಳಗೆ ನುಗ್ಗಿದೆ. "ಇವನೇ ಸಾರ್ ದಿನಾ ತಿನ್ನಿಸೋದು!"

"ತಂಗಿಗೆ ದೋಣಿ ಮೇಲೆ ಕಣ್ಣು ಸಾರ್" ಎಂದ ಅಣ್ಣ, ತಣ್ಣಗೆ.

ಅಧಿಕಾರಿ ಇಬ್ಬರನ್ನೂ ನೋಡಿದರು. ಅಣ್ಣ ತಂಗಿ ಜಗಳದಲ್ಲಿ ಮೂರನೆಯವರು ತಲೆ ಹಾಕುವುದುಂಟೇ? ಆದರೂ ಜಾಗ ನೋಡಿಬಿಡೋಣ, ದೋಣಿಯ ಒಡತಿಯೂ ಬರಲಿ ಎಂದರು. ಹಾಗಾಗಿ ಅಮ್ಮನೂ ದೋಣಿ ಹತ್ತಿದಳು. ನಾನು ಹೊರಡುವ ಮುಂಚೆ ಅಣ್ಣನ ಪೆಟ್ಟಿಗೆಯಿಂದ ಬಿಳಿ ಗ್ಲೌಸು ತೆಗೆದು ಜೇಬಿಗೆ ತುರುಕಿಕೊಂಡೆ.

ಜಾಗ ತಲುಪಿ ಎಂಜಿನ್ ನಿಲ್ಲಿಸಿದ್ದೇ ತಡ, ಕೆಳಗಿನಿಂದ ನೆರಳುಗಳು ಎದ್ದು ಬಂದವು. ಮೀನಿಲ್ಲ, ರಕ್ತವಿಲ್ಲ, ಬರೀ ನಮ್ಮ ಎಂಜಿನ್ನಿನ ಸದ್ದಿಗೆ! ಎಲ್ಲಕ್ಕಿಂತ ಮುಂದೆ ಹರಿದ ರೆಕ್ಕೆ. ಅಪ್ಪನ ಕಾಲದಲ್ಲಿ ದೂರದಿಂದಲೇ ಮುಖ ತಿರುವಿಕೊಂಡು ಹೋಗುತ್ತಿದ್ದ ಆ ಗತ್ತಿನ ಹೆಂಗಸು ಈಗ ದೋಣಿಯ ಬದಿಗೆ ಮೂತಿ ಉಜ್ಜುತ್ತಿದ್ದಳು. ನನಗೆ ಅಳು ಬಂತು. ಸಿಟ್ಟಿನಲ್ಲಿ ಬರುವ ಅಳು.

"ನೋಡಿ ಸಾರ್, ಹೇಗೆ ಮೈಮೇಲೆ ಬರುತ್ತೆ! ಹುಚ್ಚು ಇದಕ್ಕೆ" ಎಂದ ಅಣ್ಣ.

ನಾನು ಗ್ಲೌಸು ತೆಗೆದು ಅವನ ತೊಡೆಯ ಮೇಲೆ ಎಸೆದೆ. "ಹುಚ್ಚಿದ್ರೆ ಯಾವ ಕೈಯಾದ್ರೂ ಕಚ್ಚುತ್ತೆ. ಮೊದಲು ಆ ಕಡೆ ನಿನ್ನ ಹೆಗಲ ಮೇಲಿರೋ ಕರೀ ಟವೆಲು ನೀರಿಗೆ ಬಿಡು, ಏನೂ ಆಗಲ್ಲ. ಆಮೇಲೆ ಇದನ್ನ ಹಾಕ್ಕೊಂಡು ಕೈ ಅದ್ದು. ಅದ್ದು ನೋಡೋಣ!"

"ನನಗೇನು ತಲೆ ಕೆಟ್ಟಿದೆಯಾ" ಎಂದು ಅಣ್ಣ ನಕ್ಕ. ಅಧಿಕಾರಿಯೂ, ಬಿಡಮ್ಮ, ಇದೇನು ಮಕ್ಕಳಾಟ, ಎನ್ನುವವರ ಹಾಗೆ ಕೈಯಾಡಿಸಿದರು. ನನ್ನ ಮಾತು ಅಲ್ಲಿಗೇ ನೀರುಪಾಲಾಯಿತು ಎಂದುಕೊಂಡೆ.

ಆಗ ಅಮ್ಮ ಎದ್ದಳು.

"ತಾ ಇಲ್ಲಿ" ಎಂದು ಗ್ಲೌಸು ಎತ್ತಿಕೊಂಡಳು. "ನನ್ನ ಮಗ ತಿನ್ನಿಸಿಲ್ಲ ಅಂದ ಮೇಲೆ ಈ ಗ್ಲೌಸಿನಲ್ಲಿ ಏನಿದೆ? ನಾನೇ ಅದ್ದುತೀನಿ. ಎಷ್ಟು ದಿನ ಅಂತ ಅವನ ಮೇಲೆ ಅಪವಾದ ಕೇಳಲಿ? ನೋಡ್ಕೊಳ್ಳಿ ಸಾರ್, ನೀವೇ ಸಾಕ್ಷಿ." ಮಾತಾಡುತ್ತಲೇ ಗ್ಲೌಸು ಹಾಕಿಕೊಂಡು, ತೋಳು ಮೇಲಕ್ಕೆ ಸರಿಸಿ, ದೋಣಿಯ ಅಂಚಿಗೆ ಮಂಡಿಯೂರಿದಳು.

ನಾನು ಎಣಿಸಿದ್ದು ಇದನ್ನಲ್ಲ. ಚುಕ್ಕಾಣಿ ಬಿಟ್ಟು ನಾನು ಅತ್ತ ನೆಗೆಯುವಷ್ಟರಲ್ಲಿ ಬಿಳಿ ಕೈ ನೀರಿನ ಹತ್ತಿರ ಇಳಿದಿತ್ತು. ಅತ್ತೆ ಗರ್ರನೆ ತಿರುಗಿದಳು.

"ಅಮ್ಮಾ ಬೇಡಾ!" ಅಣ್ಣ ಕಿರುಚಿದ ಸದ್ದಿಗೆ ದೋಣಿಯೇ ಅಲುಗಿತು. ಅಮ್ಮನ ಸೊಂಟ ಹಿಡಿದು ಹಿಂದಕ್ಕೆಳೆದು ತಾನೂ ಬಿದ್ದ. "ಬೇಡಮ್ಮ, ಕಚ್ಚುತ್ತೆ, ಮೀನು ಅನ್ಕೊಳ್ಳುತ್ತೆ! ಬಿಳಿ ಗ್ಲೌಸು ಕಂಡ್ರೆ ಅದು ಬಿಡಲ್ಲ, ನಾನೇ… ನಾನೇ ರೂಢಿ ಮಾಡಿಸಿದ್ದು…"

ಬಿಳಿ ಕೈ ಕಾಣಿಸಿದ ಜಾಗದಲ್ಲಿ ಹರಿದ ರೆಕ್ಕೆ ಇನ್ನೂ ಸುತ್ತುತ್ತಿತ್ತು. ಅಧಿಕಾರಿ ನಿಧಾನವಾಗಿ ಅಂಚಿನಿಂದ ಹಿಂದೆ ಸರಿದು ಕೂತರು.

ಅಮ್ಮ ಎದ್ದು ಕೂತಳು. ಮಗನ ಮುಖವನ್ನು, ಯಾರೋ ಹೊಸಬನನ್ನು ನೋಡುವವಳಂತೆ ನೋಡಿದಳು. ಆಮೇಲೆ ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಚ್ಚಿದಳು.

"ನನ್ನ ಕೈ ಅಂದ್ರೆ ಕೈ," ಎಂದಳು. "ಆ ಡಾಕ್ಟರದು ಕೈಯಲ್ವೇನೋ?"